ಮೀನಿನ ಬಲ ಮೇವಿನ ಚೀಲದಲ್ಲಿ



ಇದು ಮೀನಿನ ಪಾಠ. ಮೀನು ಸಾಕುವವರು ಓದಬೇಕು. ಸಾಕದವರೂ ಓದಿ. ಹಸು, ಕೋಳಿ, ಮೇಕೆ ಸಾಕುವ ಮನೆಗೂ ಇದರಲ್ಲಿ ಒಂದು ಮಾತಿದೆ.

1. ಹೊಂಡದಲ್ಲಿ ಏನಾಯಿತು?

ನಮ್ಮದು ರಾಮನಗರದ ಕಡೆಯ ಒಂದು ಹಳ್ಳಿ. ರಾಗಿ ಬೆಳೆಯುತ್ತೇವೆ. ಹಿಪ್ಪುನೇರಳೆ ಬೆಳೆಯುತ್ತೇವೆ. ರೇಷ್ಮೆ ಹುಳು ಸಾಕುತ್ತೇವೆ. 2014ರಲ್ಲಿ ಸರ್ಕಾರ ಕೃಷಿ ಭಾಗ್ಯ ಯೋಜನೆ ತಂದಿತು. ಆಮೇಲೆ ನಮ್ಮ ಕಡೆಯೂ ಕೃಷಿ ಹೊಂಡಗಳು ಬಂದವು. ನೀರು ಇಂಗಬಾರದೆಂದು ಹೊಂಡಕ್ಕೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿದರು.

ರಾತ್ರಿ ನಮ್ಮ ಸಾಕ್ಷರತಾ ಕೇಂದ್ರಕ್ಕೆ ಬರುವ ಹತ್ತು ಹೆಂಗಸರದ್ದು ಒಂದು ಸಂಘ. ಅವರು ಒಂದು ಹೊಂಡವನ್ನು ಗುತ್ತಿಗೆಗೆ ಪಡೆದರು. ಹೊಂಡದ ಅಳತೆ 21 ಮೀಟರ್ ಉದ್ದ, 21 ಮೀಟರ್ ಅಗಲ. ಸಂಘದಿಂದ ಸಾಲ ತೆಗೆದರು. ಆಷಾಢದಲ್ಲಿ 400 ಮೀನು ಮರಿ ಬಿಟ್ಟರು. ಕಾಟ್ಲಾ, ರೋಹು, ಸಾಮಾನ್ಯ ಗೆಂಡೆ, ಮೂರು ಜಾತಿ.

ಮೇವಿಗೆ ಏನು ಮಾಡಿದರು? ಪೇಟೆಯ ಒಂದು ಅಂಗಡಿಯಲ್ಲಿ ಮೀನಿನ ಮೇವಿನ ಚೀಲ ಅರ್ಧ ಬೆಲೆಗೆ ಸಿಕ್ಕಿತು. ಗೋಲಿ ಗೋಲಿಯಾದ ಮೇವು. ಅಗ್ಗ ಅಂತ ಒಟ್ಟಿಗೇ ಎಂಟು ಚೀಲ ತಂದರು. ಜೊತೆಗೆ ರೇಷ್ಮೆ ನೂಲು ಬಿಚ್ಚುವ ಕಡೆಯಿಂದ ಗೂಡಿನ ಹುಳು ತಂದು ಹಾಕಿದರು. ನೂಲು ತೆಗೆದ ಮೇಲೆ ಗೂಡಿನೊಳಗೆ ಉಳಿಯುತ್ತದಲ್ಲ, ಆ ಹುಳು. ಅದು ನಮ್ಮ ಕಡೆ ಸುಲಭವಾಗಿ ಸಿಗುತ್ತದೆ.

ಮೀನು ತಿಂದವು. ಮೊದಮೊದಲು ಬೆಳೆದವು ಕೂಡ. ಎಲ್ಲರಿಗೂ ಸಂತೋಷ.

ದೀಪಾವಳಿ ಹತ್ತಿರ ಬಂತು. ಮೂರು ದಿನ ಜಡಿಮಳೆ ಹಿಡಿಯಿತು. ಸೂರ್ಯನ ಮುಖ ಕಾಣಲಿಲ್ಲ. ನಾಲ್ಕನೇ ದಿನ ಮಳೆ ಬಿಟ್ಟಿತು. "ಮೀನು ಎಷ್ಟು ದಪ್ಪ ಆಗಿದಾವೆ, ನೋಡೋಣ" ಎಂದು ಬಲೆ ಹಾಕಿಸಿದರು. ಕೈಯಲ್ಲಿ ಹಿಡಿದು ನೋಡಿದರು. ತೂಕ ಹಾಕಿದರು. ಮತ್ತೆ ನೀರಿಗೆ ಬಿಟ್ಟರು.

ಮಾರನೇ ದಿನ ಬೆಳಗ್ಗೆ ಹತ್ತಿಪ್ಪತ್ತು ಮೀನು ತೇಲಿದವು. ಅದರ ಮಾರನೇ ದಿನ ಇನ್ನೂ ಹೆಚ್ಚು. ವಾರದೊಳಗೆ ಅರ್ಧಕ್ಕರ್ಧ ಮೀನು ಸತ್ತವು. ಬದುಕಿದ ಮೀನಿನ ಮೈಮೇಲೂ ಕೆಂಪು ಗಾಯ.

"ಯಾರದೋ ಕಣ್ಣು ಬಿತ್ತು" ಎಂದರು ಕೆಲವರು. "ಯಾರೋ ವಿಷ ಹಾಕಿದಾರೆ" ಎಂದರು ಇನ್ನು ಕೆಲವರು. ಪಕ್ಕದ ಹೊಲದವರ ಮೇಲೆ ಅನುಮಾನ ಬಂತು. ಮಾತಿಗೆ ಮಾತು ಬೆಳೆಯಿತು. ಎರಡು ಮನೆಯವರು ಮಾತು ಬಿಟ್ಟರು.

2. ಸಾಹೇಬರು ಕೇಳಿದ ಪ್ರಶ್ನೆ

ತಾಲ್ಲೂಕಿನಿಂದ ಮೀನುಗಾರಿಕೆ ಇಲಾಖೆಯ ಸಾಹೇಬರು ಬಂದರು. ನೀರು ನೋಡಿದರು. ಸಾಯುವ ಹಂತದ ಒಂದು ಮೀನು ಹಿಡಿದು ಹೊಟ್ಟೆ ಸೀಳಿ ನೋಡಿದರು. ಈಲಿ, ಅಂದರೆ ಲಿವರ್, ಬಿಳಿಚಿಕೊಂಡಿತ್ತು. ಬೆನ್ನಿನ ಮಾಂಸ ಬತ್ತಿತ್ತು. ತಲೆ ದಪ್ಪ, ಮೈ ಸಣ್ಣ.

ಆಮೇಲೆ ಅವರು ಒಂದು ಪ್ರಶ್ನೆ ಕೇಳಿದರು.

"ಈ ಊರಲ್ಲಿ ಇನ್ನೂ ಯಾರಾದರೂ ಮೀನು ಬಿಟ್ಟಿದಾರಾ?"

"ಆಚೆ ದಿಣ್ಣೆ ಮೇಲೆ ಒಬ್ಬ ಅಣ್ಣಯ್ಯನವರ ಹೊಂಡ ಇದೆ ಸಾರ್. ಅವರೂ ನಮ್ಮ ಜೊತೇಲೇ ಮರಿ ತಂದರು."

"ಅವರ ಹೊಂಡಕ್ಕೂ ಪ್ಲಾಸ್ಟಿಕ್ ಹಾಸಿದೆಯಾ?"

"ಹೂಂ ಸಾರ್."

"ಅವರೂ ಬಲೆ ಹಾಕಿದ್ದರಾ?"

"ಅದೇ ವಾರ ಹಾಕಿದ್ದರು. ಅದೇ ಬಲೆ."

"ಅವರದ್ದು ಎಷ್ಟು ಸತ್ತವು?"

"ನಾಲ್ಕೋ ಐದೋ ಅಂತೆ ಸಾರ್."

ಸಾಹೇಬರು ನಮ್ಮೆಲ್ಲರ ಮುಖ ನೋಡಿದರು. "ಮರಿ ಒಂದೇ. ಮಳೆ ಒಂದೇ. ಮೋಡ ಒಂದೇ. ಬಲೆಯೂ ಒಂದೇ. ಮತ್ತೆ ಬೇರೆ ಏನು?"

ಯಾರೂ ಮಾತಾಡಲಿಲ್ಲ. ಕೊನೆಗೆ ಒಬ್ಬ ಅಜ್ಜಿ ಹೇಳಿದರು. "ಮೇವು ಬೇರೆ ಕಣಪ್ಪ."

ಅಣ್ಣಯ್ಯನವರು ಅಕ್ಕಿ ತೌಡು, ಕಡಲೆಕಾಯಿ ಹಿಂಡಿ ಹಾಕುತ್ತಿದ್ದರು. ಹಿಂಡಿಯನ್ನು ತಿಂಗಳಿಗೆ ಒಂದು ಸಲ ಹೊಸದಾಗಿ ತರುತ್ತಿದ್ದರು. ಹಳೆಯ ಸಗಣಿಯನ್ನು ಗೋಣಿಚೀಲದಲ್ಲಿ ಕಟ್ಟಿ ನೀರಿಗೆ ಇಳಿಬಿಟ್ಟಿದ್ದರು. ಅವರ ನೀರು ತಿಳಿ ಹಸಿರಾಗಿತ್ತು.

"ನಿಮ್ಮ ಮೇವಿನ ಚೀಲ ಎಲ್ಲಿ?" ಎಂದರು ಸಾಹೇಬರು.

ಖಾಲಿ ಚೀಲಗಳು ನಮ್ಮ ಕೇಂದ್ರದಲ್ಲೇ ಇದ್ದವು. ಶಾಲೆಯ ಜಗಲಿ ಮೇಲೆ ಹಾಸಿಕೊಂಡಿದ್ದೆವು. ದಿನಾ ರಾತ್ರಿ ಅದರ ಮೇಲೇ ಕೂತು ಓದು ಕಲಿಯುತ್ತಿದ್ದೆವು.

ಸಾಹೇಬರು ಒಂದು ಚೀಲ ತಿರುಗಿಸಿ ಓದಿದರು. ಮೇವು ತಯಾರಾಗಿ ಎಂಟು ತಿಂಗಳು ಆಗಿತ್ತು. ಮೂರು ತಿಂಗಳೊಳಗೆ ಬಳಸಬೇಕು ಎಂದು ಅದರಲ್ಲೇ ಬರೆದಿತ್ತು. ತಂದ ದಿನವೇ ಅದು ಅವಧಿ ಮುಗಿದ ಮಾಲು.

ನಮಗೆ ತಲೆ ಎತ್ತಲು ಆಗಲಿಲ್ಲ. ಅಕ್ಕಂದಿರಿಗೆ ಇಂಗ್ಲಿಷ್ ಅಕ್ಷರ ಬರುವುದಿಲ್ಲ, ಅದು ಅವರ ತಪ್ಪಲ್ಲ. ಆದರೆ ಅಕ್ಷರ ಕಲಿಸುವ ನಾವೂ ಆ ಚೀಲವನ್ನು ಓದಿರಲಿಲ್ಲ. ಅದರ ಮೇಲೆ ಕೂತಿದ್ದೆವು, ಅಷ್ಟೇ.

ಪಕ್ಕದ ಹೊಲದವರು ವಿಷ ಹಾಕಿರಲಿಲ್ಲ. ಯಾರ ಕಣ್ಣೂ ಬಿದ್ದಿರಲಿಲ್ಲ.

3. ಮೀನಿಗೂ ಸಂಕಟ ಇದೆ

"ಮೋಡ ಬಂದು ಸತ್ತವಾ, ಬಲೆ ಹಾಕಿ ಸತ್ತವಾ, ಮೇವಿನಿಂದ ಸತ್ತವಾ?" ಎಂದು ಒಬ್ಬ ಅಕ್ಕ ಕೇಳಿದರು. ಒಳ್ಳೆಯ ಪ್ರಶ್ನೆ. ಉತ್ತರವನ್ನು ನಾವು ಸಾಹೇಬರಿಂದ ಕಲಿತೆವು.

ಮೀನಿಗೆ ಸಂಕಟ ಕೊಡುವ ವಿಷಯಗಳು ಹಲವು.

ನೀರಿನಲ್ಲಿ ಪ್ರಾಣವಾಯು ಕಡಿಮೆ ಆಗುವುದು.
ನೀರು ಹೊಲಸಾಗುವುದು.
ಒಂದೇ ಸಲ ಚಳಿ ಅಥವಾ ಸೆಕೆ ಏರುವುದು.
ಕಡಿಮೆ ಜಾಗದಲ್ಲಿ ಹೆಚ್ಚು ಮೀನು ಇರುವುದು.
ಬಲೆ ಹಾಕುವುದು, ಕೈಯಲ್ಲಿ ಹಿಡಿಯುವುದು, ಸಾಗಿಸುವುದು.

ಸಂಕಟ ಬಂದಾಗ ಮೀನಿನ ಮೈಯಲ್ಲಿ ಕಾರ್ಟಿಸೋಲ್ ಎಂಬ ರಸ ಹೆಚ್ಚುತ್ತದೆ. ರಕ್ತದಲ್ಲಿ ಸಕ್ಕರೆ ಏರುತ್ತದೆ. ಒಳಗೆ ಕೂಡಿಟ್ಟ ಶಕ್ತಿಯನ್ನು ಮೈ ಖರ್ಚು ಮಾಡುತ್ತದೆ. ಇದು ತಪ್ಪಲ್ಲ. ತಪ್ಪಿಸಿಕೊಂಡು ಓಡಲು, ಉಸಿರು ಹಿಡಿಯಲು ಆ ಶಕ್ತಿ ಬೇಕು. ನಾವು ಹೆದರಿದಾಗ ಎದೆ ಹೊಡೆದುಕೊಳ್ಳುವುದಿಲ್ಲವೇ? ಹಾಗೇ.

ಸಂಕಟ ಬೇಗ ಹೋದರೆ ಮೀನು ಸುಧಾರಿಸಿಕೊಳ್ಳುತ್ತದೆ. ಸಂಕಟದ ಮೇಲೆ ಸಂಕಟ ಬಂದರೆ ಕಷ್ಟ. ಆಗ ರೋಗ ತಡೆಯುವ ಶಕ್ತಿ ಇಳಿಯುತ್ತದೆ. ನೀರಿನಲ್ಲಿ ರೋಗದ ಕ್ರಿಮಿ ಯಾವಾಗಲೂ ಇರುತ್ತವೆ. ಅವು ಇಂಥ ಹೊತ್ತಿಗೇ ಕಾದಿರುತ್ತವೆ.

ಮನೆಯಲ್ಲಿ ಕಣಜ ತುಂಬಿದ್ದರೆ ಒಂದು ವರ್ಷ ಬರ ಬಂದರೂ ತಡೆಯುತ್ತೇವೆ. ಕಣಜ ಖಾಲಿ ಇದ್ದರೆ ಒಂದು ತಿಂಗಳೂ ತಡೆಯುವುದಿಲ್ಲ. ಮೀನಿನ ಮೈಯೂ ಒಂದು ಕಣಜ. ಅದನ್ನು ತುಂಬುವುದು ಮೇವು.

ನಮ್ಮ ಹೊಂಡದ ಮೀನಿಗೆ ಮೋಡ ಬಂತು, ಪ್ರಾಣವಾಯು ಕಡಿಮೆ ಆಯಿತು. ಅದರ ಹಿಂದೆಯೇ ಬಲೆ ಬಂತು. ಅಣ್ಣಯ್ಯನವರ ಮೀನಿಗೂ ಎರಡೂ ಬಂದವು. ಅವರ ಮೀನು ತಡೆದವು. ನಮ್ಮವು ತಡೆಯಲಿಲ್ಲ. ಕಣಜ ಮೊದಲೇ ಖಾಲಿ ಇತ್ತು.

4. ಮೀನಿಗೆ ಏನೇನು ಬೇಕು?

ಪ್ರೋಟೀನ್: ಮೈ ಬೆಳೆಯಲು ಬೇಕು. ಗಾಯ ಮಾಯಲು, ರೋಗದ ಜೊತೆ ಹೋರಾಡಲು ಕೂಡ ಬೇಕು. ಕಡಲೆಕಾಯಿ ಹಿಂಡಿಯಲ್ಲಿ ನೂರಕ್ಕೆ ಸುಮಾರು 40 ಭಾಗ ಪ್ರೋಟೀನ್ ಇದೆ. ಅಕ್ಕಿ ತೌಡಿನಲ್ಲಿ ಸುಮಾರು 12 ಭಾಗ.

ಕೊಬ್ಬು ಮತ್ತು ಹಿಟ್ಟಿನ ಅಂಶ: ಶಕ್ತಿ ಕೊಡುತ್ತವೆ. ತೌಡಿನಲ್ಲಿ ಇವು ಸಿಗುತ್ತವೆ.

ಖನಿಜ: ಮೂಳೆ, ರಕ್ತ ಗಟ್ಟಿಯಾಗಲು ಬೇಕು.

ವಿಟಮಿನ್: ಸ್ವಲ್ಪವೇ ಸಾಕು. ಆದರೆ ಇಲ್ಲದಿದ್ದರೆ ಆಗದು.

ಇದರಲ್ಲಿ ವಿಟಮಿನ್ ಸಿ ಬಗ್ಗೆ ಒಂದು ಮಾತು. ಹಸು, ಮೇಕೆ, ನಾಯಿ ಇದನ್ನು ತಮ್ಮ ಮೈಯಲ್ಲೇ ತಯಾರಿಸಿಕೊಳ್ಳುತ್ತವೆ. ಮನುಷ್ಯರಿಗೆ ಅದು ಆಗದು. ಅದಕ್ಕೇ ನಾವು ನೆಲ್ಲಿಕಾಯಿ, ನಿಂಬೆಹಣ್ಣು, ಸೀಬೆಹಣ್ಣು ತಿನ್ನಬೇಕು. ನಾವು ಸಾಕುವ ಮೀನುಗಳಿಗೂ ಇದು ತಿನ್ನುವುದರಿಂದಲೇ ಬರಬೇಕು. ಇದು ಕಡಿಮೆಯಾದರೆ ಗಾಯ ಬೇಗ ಮಾಯುವುದಿಲ್ಲ. ಚರ್ಮದ ಕೆಳಗೆ ರಕ್ತ ಒಸರುತ್ತದೆ. ಬೆಳೆಯುವ ಮರಿಗಳ ಬೆನ್ನುಮೂಳೆ ಸೊಟ್ಟ ಆಗುತ್ತದೆ. ರೋಗ ತಡೆಯುವ ಶಕ್ತಿಯೂ ಇಳಿಯುತ್ತದೆ.

ಬಲೆಗೆ ಸಿಕ್ಕ ಮೀನಿನ ಮೈ ಉಜ್ಜುತ್ತದೆ. ಮೈಮೇಲಿನ ಲೋಳೆ ಹೋಗುತ್ತದೆ. ಹುರುಪೆ ಕೀಳುತ್ತದೆ. ಆ ಲೋಳೆಯೇ ಮೀನಿಗೆ ಕವಚ. ಗಟ್ಟಿ ಮೀನಿಗೆ ಆ ಗಾಯ ಬೇಗ ಮಾಯುತ್ತದೆ. ಬಲವಿಲ್ಲದ ಮೀನಿಗೆ ಅದೇ ಹುಣ್ಣಾಗುತ್ತದೆ.

ಕೆರೆಯ ಮೀನಿಗೆ ವಿಟಮಿನ್ ಯಾರು ಕೊಡುತ್ತಾರೆ? ಕೆರೆಯೇ ಕೊಡುತ್ತದೆ. ಹಸಿರು ನೀರಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಗಿಡ, ಸಣ್ಣ ಹುಳು ಇರುತ್ತವೆ. ಕಾಟ್ಲಾ ಮೇಲಿನ ನೀರಿನ ಹುಳು ತಿನ್ನುತ್ತದೆ. ರೋಹು ನಡು ನೀರಿನಲ್ಲಿ ಮೇಯುತ್ತದೆ. ಸಾಮಾನ್ಯ ಗೆಂಡೆ ತಳದ ಮಣ್ಣು ಕೆದಕಿ ತಿನ್ನುತ್ತದೆ. ಪ್ಲಾಸ್ಟಿಕ್ ಹಾಸಿದ ಹೊಂಡದಲ್ಲಿ ಕೆದಕಲು ಮಣ್ಣಿಲ್ಲ. ನೀರು ತಿಳಿಯಾಗಿದ್ದರೆ ಮೇಯಲು ಹುಳುವೂ ಇಲ್ಲ. ಅಲ್ಲಿ ಮೀನಿನ ಬದುಕೆಲ್ಲ ನಾವು ಹಾಕುವ ಮೇವಿನ ಮೇಲೆ ನಿಂತಿದೆ.

5. ಕೆಟ್ಟ ಮೇವು ಹೇಗೆ ಕೆಡುಕು ಮಾಡುತ್ತದೆ?

ಮೇವು ಹಳೆಯದಾದರೆ ಮೂರು ತೊಂದರೆ.

ಒಂದು, ವಿಟಮಿನ್ ಹೋಗುತ್ತದೆ. ಅದರಲ್ಲೂ ವಿಟಮಿನ್ ಸಿ ಗಾಳಿ, ಬಿಸಿ, ತೇವ ತಾಗಿದರೆ ಬೇಗ ಹಾಳಾಗುತ್ತದೆ. ಮೇವಿನ ಗೋಲಿ ನೋಡಲು ಹಾಗೇ ಇರುತ್ತದೆ. ಒಳಗಿನ ಸತ್ವ ಇರುವುದಿಲ್ಲ.

ಎರಡು, ಕೊಬ್ಬು ಹಳಸುತ್ತದೆ. ಹಳೇ ಎಣ್ಣೆಗೆ ಬರುವ ಕಮಟು ವಾಸನೆ ಗೊತ್ತಲ್ಲ? ಅದೇ ಗುರುತು. ರೇಷ್ಮೆ ಗೂಡಿನ ಹುಳುವಿನಲ್ಲಿ ಪ್ರೋಟೀನ್ ಬಹಳ ಇದೆ. ಕೊಬ್ಬೂ ಬಹಳ ಇದೆ. ಹಾಗಾಗಿ ಅದು ಬೇಗ ಹಳಸುತ್ತದೆ. ಜಪಾನಿನಲ್ಲೂ ಗೆಂಡೆ ಮೀನಿಗೆ ಈ ಹುಳು ಹಾಕುತ್ತಿದ್ದರು. ಹಳಸಿದ ಹುಳು ತಿಂದ ಮೀನುಗಳ ಬೆನ್ನಿನ ಮಾಂಸ ಬತ್ತಿಹೋಯಿತು. ಅಲ್ಲಿನವರು ಆ ಕಾಯಿಲೆಗೆ ಸೆಕೋಕೆ ಎಂದು ಹೆಸರಿಟ್ಟರು. ಬೆನ್ನು ಸಣ್ಣಗಾಗುವ ಕಾಯಿಲೆ ಎಂದು ಅರ್ಥ. ವಿಟಮಿನ್ ಇ ಕೊಟ್ಟರೆ ಇದನ್ನು ತಡೆಯಬಹುದು ಎಂದು ವಿಜ್ಞಾನಿಗಳು ಕಂಡುಕೊಂಡರು. ಗೂಡಿನ ಹುಳು ಕೆಟ್ಟದ್ದಲ್ಲ. ಹಳಸಿದ್ದು ಕೆಟ್ಟದ್ದು. ಎಣ್ಣೆ ತೆಗೆದು ಚೆನ್ನಾಗಿ ಒಣಗಿಸಿದ ಹುಳುವಿನ ಪುಡಿ ಒಳ್ಳೆಯ ಮೇವು.

ಮೂರು, ಬೂಷ್ಟು ಹಿಡಿಯುತ್ತದೆ. ತೇವ ತಗುಲಿದ ಕಡಲೆಕಾಯಿ ಹಿಂಡಿ, ಮೆಕ್ಕೆಜೋಳಕ್ಕೆ ಒಂದು ಜಾತಿಯ ಬೂಷ್ಟು ಬರುತ್ತದೆ. ಅದು ಅಫ್ಲಾಟಾಕ್ಸಿನ್ ಎಂಬ ವಿಷ ಬಿಡುತ್ತದೆ. 1960ರಲ್ಲಿ ಇಂಗ್ಲೆಂಡ್ ದೇಶದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತವು. ಏಕೆ ಎಂದು ಮೊದಲು ಯಾರಿಗೂ ತಿಳಿಯಲಿಲ್ಲ. ಹುಡುಕುತ್ತಾ ಹೋದಾಗ ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿ ಸಿಕ್ಕಿತು. ಈ ವಿಷ ಮೊದಲು ಈಲಿಯನ್ನು ಕೆಡಿಸುತ್ತದೆ. ರೋಗ ತಡೆಯುವ ಶಕ್ತಿಯನ್ನು ತಗ್ಗಿಸುತ್ತದೆ. ಬೇಯಿಸಿದರೂ ಪೂರ್ತಿ ಹೋಗುವುದಿಲ್ಲ.

"ಹಾಗಾದರೆ ಬೂಷ್ಟು ಹಿಂಡಿ ಹಸುವಿಗೆ ಹಾಕೋಣ ಮೇಷ್ಟ್ರೇ, ದುಡ್ಡು ಕೊಟ್ಟಿದೀವಲ್ಲ" ಎಂದರು ಒಬ್ಬ ಅಕ್ಕ. ಬೇಡ. ಹಸುವಿಗೂ ಅದು ವಿಷವೇ. ಹಸು ತಿಂದರೆ ಹಾಲಿಗೂ ಬರುತ್ತದೆ. ಆ ಹಾಲನ್ನು ಕುಡಿಯುವವರು ನಮ್ಮ ಮಕ್ಕಳೇ. ಬೂಷ್ಟು ಹಿಡಿದ ಹಿಂಡಿಯನ್ನು ಗುಂಡಿ ತೋಡಿ ಮುಚ್ಚಿ.

6. ಹೆಚ್ಚು ಹಾಕಿದರೂ ಕೆಡುಕು

"ಚೆನ್ನಾಗಿ ತಿಂದರೆ ಬೇಗ ಬೆಳೀತವೆ" ಎಂದು ಕೆಲವರು ಮೇವು ಸುರಿಯುತ್ತಾರೆ. ಇದೂ ತಪ್ಪು.

ತಿನ್ನದೆ ಉಳಿದ ಮೇವು ತಳಕ್ಕೆ ಹೋಗಿ ಕೊಳೆಯುತ್ತದೆ. ಕೊಳೆಯುವಾಗ ನೀರಿನ ಪ್ರಾಣವಾಯುವನ್ನು ತಿಂದುಹಾಕುತ್ತದೆ. ಅಮೋನಿಯಾ ಎಂಬ ಕೆಟ್ಟ ಅನಿಲ ಹೆಚ್ಚುತ್ತದೆ. ಅದು ಮೀನಿನ ಕಿವಿರನ್ನು ಸುಡುತ್ತದೆ. ಕಿವಿರು ಮೀನಿನ ಉಸಿರಿನ ಅಂಗ.

ನೀರಿನ ಹಸಿರು ಸಸ್ಯ ಹಗಲು ಬಿಸಿಲಿನಲ್ಲಿ ಪ್ರಾಣವಾಯು ಬಿಡುತ್ತದೆ. ರಾತ್ರಿ ಅದೂ ಪ್ರಾಣವಾಯುವನ್ನೇ ಎಳೆದುಕೊಳ್ಳುತ್ತದೆ. ಹಾಗಾಗಿ ಬೆಳಗಿನ ಜಾವ ನೀರಿನಲ್ಲಿ ಪ್ರಾಣವಾಯು ಬಹಳ ಕಡಿಮೆ. ಮೋಡದ ದಿನ ಹಗಲಲ್ಲೂ ಕಡಿಮೆ. ಆಗ ಮೀನು ಮೇಲೆ ಬಂದು ಬಾಯಿ ಬಡಿಯುತ್ತವೆ. "ಹಸಿವಾಗಿದೆ" ಎಂದು ತಿಳಿದು ಮೇವು ಹಾಕಬೇಡಿ. ಅದು ಹಸಿವಲ್ಲ. ಉಸಿರಿಗೆ ಒದ್ದಾಟ. ತಿಂದದ್ದು ಅರಗಲು ಮೀನಿಗೆ ಇನ್ನೂ ಹೆಚ್ಚು ಪ್ರಾಣವಾಯು ಬೇಕು. ಆಗ ಮೇವು ಹಾಕಿದರೆ ಕಷ್ಟ ಇಮ್ಮಡಿ ಆಗುತ್ತದೆ.

ಮೇವು ಹಾಕಲು ಒಳ್ಳೆಯ ಹೊತ್ತು ಯಾವುದು? ಬಿಸಿಲು ಏರಿದ ಮೇಲೆ, ಬೆಳಗ್ಗೆ 9ರಿಂದ 10 ಗಂಟೆ. ಮತ್ತೆ ಸಂಜೆ 4 ಗಂಟೆ. ದಿನವೂ ಅದೇ ಹೊತ್ತು, ಅದೇ ಜಾಗ. ಚಳಿಗಾಲದಲ್ಲಿ ಮೀನು ಕಡಿಮೆ ತಿನ್ನುತ್ತವೆ. ಆಗ ಕಡಿಮೆ ಹಾಕಿ.

7. ಮನೆಯಲ್ಲೇ ಮೇವು

ಅಕ್ಕಿ ತೌಡು ಒಂದು ಪಾಲು. ಕಡಲೆಕಾಯಿ ಹಿಂಡಿ ಒಂದು ಪಾಲು. ಹಿಂಡಿಯನ್ನು ಕುಟ್ಟಿ ನೆನೆಸಿ. ತೌಡು ಸೇರಿಸಿ ಮುದ್ದೆ ಕಟ್ಟಿ. 100 ಕೆ.ಜಿ. ಮೇವಿಗೆ 1 ಕೆ.ಜಿ. ಖನಿಜ ಮತ್ತು ವಿಟಮಿನ್ ಮಿಶ್ರಣ ಸೇರಿಸಿ. ಬಿಸಿ ಮೇವಿಗೆ ವಿಟಮಿನ್ ಬೆರೆಸಬೇಡಿ. ಆರಿದ ಮೇಲೆ ಬೆರೆಸಿ. ಅಂದಂದಿನ ಮುದ್ದೆ ಅಂದೇ ಖರ್ಚಾಗಬೇಕು.

ಮುದ್ದೆಯನ್ನು ನೀರಿಗೆ ಎಸೆಯಬೇಡಿ. ಒಂದು ತಟ್ಟೆಯಲ್ಲಿಟ್ಟು ಹಗ್ಗ ಕಟ್ಟಿ ಇಳಿಬಿಡಿ. ಎರಡು ಗಂಟೆ ಬಿಟ್ಟು ಎತ್ತಿ ನೋಡಿ. ಮೇವು ಉಳಿದಿದ್ದರೆ ನಾಳೆ ಕಡಿಮೆ ಹಾಕಿ. ಬೇಗ ಖಾಲಿಯಾಗಿದ್ದರೆ ಸ್ವಲ್ಪ ಹೆಚ್ಚಿಸಿ. ತಟ್ಟೆಯೇ ನಮಗೆ ಲೆಕ್ಕ ಹೇಳುತ್ತದೆ. ನಿನ್ನೆ ತಿಂದ ಮೀನು ಇವತ್ತು ತಿನ್ನದಿದ್ದರೆ ಏನೋ ಸಂಕಟ ಇದೆ ಎಂದು ತಿಳಿಯಿರಿ. ನೀರು ನೋಡಿ. ಮೀನು ನೋಡಿ.

ಹುಲ್ಲುಗೆಂಡೆ ಎಂಬ ಮೀನೂ ಇದೆಯಲ್ಲ, ಅದಕ್ಕೆ ಎಳೆ ಹುಲ್ಲು, ಅಜೋಲಾ ಹಾಕಬಹುದು. ಹಿಪ್ಪುನೇರಳೆ ಸೊಪ್ಪೂ ಆಗುತ್ತದೆ. ಔಷಧಿ ಹೊಡೆದ ಸೊಪ್ಪು ಮಾತ್ರ ಬೇಡವೇ ಬೇಡ.

ಮೇವು ಎಷ್ಟು ಹಾಕಬೇಕು? ಮೀನಿನ ಒಟ್ಟು ತೂಕ ನೋಡಿ ಹಾಕಬೇಕು. ದಿನಕ್ಕೆ ಇಷ್ಟು:

ಬೆರಳುದ್ದದ ಮರಿ: 100 ಕೆ.ಜಿ. ಮೀನಿಗೆ 5 ಕೆ.ಜಿ.
100 ಗ್ರಾಂ ದಾಟಿದ ಮೀನು: 100 ಕೆ.ಜಿ.ಗೆ 3 ಕೆ.ಜಿ.
ಕಾಲು ಕೆ.ಜಿ. ದಾಟಿದ ಮೀನು: 100 ಕೆ.ಜಿ.ಗೆ 2 ಕೆ.ಜಿ.
ಅರ್ಧ ಕೆ.ಜಿ. ದಾಟಿದ ಮೀನು: 100 ಕೆ.ಜಿ.ಗೆ 1ರಿಂದ ಒಂದೂವರೆ ಕೆ.ಜಿ.

ಇದು ಅಂದಾಜು. ತಟ್ಟೆ ಹೇಳಿದ ಮಾತೇ ಕೊನೆಯ ಮಾತು.

ಮೇವಿನ ಚೀಲವನ್ನು ನೆಲದ ಮೇಲೆ ಇಡಬೇಡಿ. ಹಲಗೆ ಮೇಲೆ ಇಡಿ. ಗೋಡೆಗೆ ತಾಗಿಸಬೇಡಿ. ಮಳೆ ಸೋರುವ ಕಡೆ, ಇಲಿ ಬರುವ ಕಡೆ ಬೇಡ. ಒಂದು ತಿಂಗಳಿಗೆ ಆಗುವಷ್ಟೇ ತನ್ನಿ.

8. ಬಲೆ ಹಾಕುವ ಮುಂಚೆ

ಬಲೆ ಹಾಕುವ ಹಿಂದಿನ ದಿನ ಮೇವು ನಿಲ್ಲಿಸಿ. ಹೊಟ್ಟೆ ತುಂಬಿದ ಮೀನಿಗೆ ಹೆಚ್ಚು ಪ್ರಾಣವಾಯು ಬೇಕು. ಹೆದರಿದಾಗ ಅದು ನೀರನ್ನೂ ಹೊಲಸು ಮಾಡುತ್ತದೆ. ಮೀನು ಮರಿ ಮಾರುವ ಕಡೆಯೂ ಹೀಗೇ. ಸಾಗಿಸುವ ಮುಂಚೆ ಮರಿಗಳನ್ನು ಉಪವಾಸ ಬಿಟ್ಟಿರುತ್ತಾರೆ.

ಮೋಡ ಕವಿದ ದಿನ ಬಲೆ ಬೇಡ. ಉರಿ ಬಿಸಿಲಿನಲ್ಲೂ ಬೇಡ. ಹಿಂದಿನ ದಿನ ಬಿಸಿಲು ಕಂಡಿರಬೇಕು. ತಂಪು ಹೊತ್ತಿನಲ್ಲಿ ಹಾಕಿ. ಆ ಬೆಳಗ್ಗೆ ಮೀನು ಮೇಲೆ ಬಂದು ಬಾಯಿ ಬಡಿಯುತ್ತಿದ್ದರೆ ಆ ದಿನ ಬಿಟ್ಟುಬಿಡಿ. ನಾಲ್ಕು ಮೀನು ನೋಡಲು ನಾನೂರು ಮೀನನ್ನು ದಣಿಸಬೇಡಿ.

ಮೀನಿಗೆ ಕಾಯಿಲೆ ಕಂಡರೆ ಅಂಗಡಿಯವರು ಹೇಳಿದ ಔಷಧಿ ಸುರಿಯಬೇಡಿ. ತಾಲ್ಲೂಕಿನ ಮೀನುಗಾರಿಕೆ ಕಚೇರಿಗೆ ಹೋಗಿ. ಕೃಷಿ ವಿಜ್ಞಾನ ಕೇಂದ್ರದಲ್ಲೂ ಕೇಳಬಹುದು. ಮಂಗಳೂರಿನಲ್ಲಿ 1969ರಲ್ಲಿ ಶುರುವಾದ ಮೀನುಗಾರಿಕೆ ಕಾಲೇಜು ಇದೆ. ಮೀನಿನ ಮೇವು, ಮೀನಿನ ರೋಗ, ಎರಡನ್ನೂ ಅಲ್ಲಿ ಕಲಿಸುತ್ತಾರೆ.

9. ಅಜ್ಜಿ ಚೀಲ ಓದಿದರು

ಸಂಘದ ಸಾಲ ಹಾಗೇ ಉಳಿದಿತ್ತು. "ಇನ್ನು ಮೀನಿನ ಸಹವಾಸ ಬೇಡ" ಎಂದರು ಕೆಲವರು. ಮೂರು ರಾತ್ರಿ ಚರ್ಚೆ ನಡೆಯಿತು. ಕೊನೆಗೆ ಆ ಅಜ್ಜಿ ಹೇಳಿದರು. "ಬಿದ್ದ ಕಡೇನೇ ಎದ್ದೇಳಬೇಕು ಕಣ್ರಮ್ಮ. ಈ ಸಲ ಓದ್ಕಂಡು ಮಾಡಾಣ."

ಅಂದಿನಿಂದ ನಾವು ಪಾಠ ಬದಲಿಸಿದೆವು. ಮೊದಲು ಮೇವಿನ ಚೀಲ ಓದುವುದು. ಚೀಲದ ಅಕ್ಷರ ಹೆಚ್ಚಾಗಿ ಇಂಗ್ಲಿಷಿನಲ್ಲಿ ಇರುತ್ತದೆ. ಆದರೆ ಅಂಕಿಗಳನ್ನು ನಾವು ಕಲಿತಿದ್ದೇವೆ. ಬಸ್ಸಿನ ನಂಬರ್, ಫೋನ್ ನಂಬರ್ ಓದುವ ಅಂಕಿಗಳೇ ಅವು. 01/2025 ಎಂದಿದ್ದರೆ ಮೊದಲನೆಯದು ತಿಂಗಳು, ಎರಡನೆಯದು ವರ್ಷ. ಅಂದರೆ 2025ನೇ ಇಸವಿ ಜನವರಿ ತಿಂಗಳು. 28% ಎಂದಿದ್ದರೆ ನೂರಕ್ಕೆ 28 ಭಾಗ. ತಯಾರಾದ ತಿಂಗಳು ಯಾವುದು, ಎಷ್ಟು ತಿಂಗಳೊಳಗೆ ಬಳಸಬೇಕು, ಪ್ರೋಟೀನ್ ಎಷ್ಟು, ಈ ಮೂರು ಅಂಕಿ ಹುಡುಕುವುದನ್ನು ಎಲ್ಲರೂ ಕಲಿತರು.

ಮುಂದಿನ ಆಷಾಢದಲ್ಲಿ ಮತ್ತೆ ಮರಿ ಬಿಟ್ಟರು. ಒಂದು ದಿನ ವಿಟಮಿನ್ ಮಿಶ್ರಣ ತರಲು ಅಜ್ಜಿ, ಇನ್ನಿಬ್ಬರು ಅಕ್ಕಂದಿರು ಪೇಟೆಗೆ ಹೋದರು. ಅಂಗಡಿಯವರು ಪೊಟ್ಟಣ ಕೊಟ್ಟರು. ಅಜ್ಜಿ ಕನ್ನಡಕ ಹಾಕಿಕೊಂಡು ತಿರುಗಿಸಿ ತಿರುಗಿಸಿ ನೋಡಿದರು. ಬೆರಳಲ್ಲಿ ತಿಂಗಳು ಎಣಿಸಿದರು.

"ಇದರ ಅವಧಿ ಹೋದ ತಿಂಗಳೇ ಮುಗಿದಿದೆ ಕಣಪ್ಪ. ಬೇರೆ ಕೊಡು."

ಅಂಗಡಿಯವರು ಒಂದು ಗಳಿಗೆ ಸುಮ್ಮನಿದ್ದರು. ಆಮೇಲೆ ಒಳಗಿಂದ ಹೊಸದು ತಂದು ಕೊಟ್ಟರು.

ಆ ವರ್ಷವೂ ದೀಪಾವಳಿ ಹೊತ್ತಿಗೆ ಮೋಡ ಕವಿಯಿತು. ಎರಡು ರಾತ್ರಿ ಯಾರಿಗೂ ನಿದ್ದೆ ಇಲ್ಲ. ಮೇವು ನಿಲ್ಲಿಸಿದರು. ಬಲೆ ಹಾಕಲಿಲ್ಲ. ಕೊಳವೆಬಾವಿಯ ನೀರನ್ನು ಎತ್ತರದಿಂದ ಬೀಳುವ ಹಾಗೆ ಬಿಟ್ಟರು. ಬಿದ್ದ ನೀರು ಗಾಳಿಯಿಂದ ಪ್ರಾಣವಾಯು ತರುತ್ತದೆ. ಬೆಳಗ್ಗೆ ನೋಡಿದರೆ ಸತ್ತದ್ದು ಆರು ಮೀನು.

ಯುಗಾದಿಯ ಹೊಸತೊಡಕಿಗೆ ಮೀನು ಮಾರಿದರು. ಒಂದೊಂದು ಮುಕ್ಕಾಲು ಕೆ.ಜಿ.ಯ ಮೇಲೇ ತೂಗಿತು. ಆ ವರ್ಷದ ಖರ್ಚು ಹುಟ್ಟಿತು. ಹಳೇ ಸಾಲದಲ್ಲಿ ಅರ್ಧಕ್ಕಿಂತ ಹೆಚ್ಚು ತೀರಿತು. ಬಾಕಿ ಇನ್ನೂ ಇದೆ. ಅದನ್ನೂ ತೀರಿಸುತ್ತೇವೆ ಎನ್ನುತ್ತಾರೆ.

ಪಕ್ಕದ ಹೊಲದವರ ಮನೆಗೆ ಅಜ್ಜಿ ತಾವೇ ಎರಡು ಮೀನು ತೆಗೆದುಕೊಂಡು ಹೋದರು. ಮಾತು ಬಿಟ್ಟಿದ್ದ ಮನೆಯವರು ಅಂದು ಮಾತಾಡಿದರು.

ನೆನಪಿಡಿ

ಮೀನಿನ ಬಲ ಮೇವಿನಿಂದ ಬರುತ್ತದೆ. ಕಷ್ಟದ ದಿನ ತಡೆಯುವುದು ಆ ಬಲವೇ.
ಅವಧಿ ಮುಗಿದ ಮೇವು ಅಗ್ಗವಲ್ಲ, ಬಲು ದುಬಾರಿ.
ಬೂಷ್ಟು ಹಿಡಿದದ್ದು, ಕಮಟು ವಾಸನೆ ಬಂದದ್ದು ಮೀನಿಗೂ ಬೇಡ, ಹಸುವಿಗೂ ಬೇಡ.
ಮೋಡದ ದಿನ ಮೇವು ಬೇಡ. ಬಲೆಯೂ ಬೇಡ.
ಚೀಲದ ಮೇಲಿನ ಅಂಕಿ ಓದಿ, ಆಮೇಲೆ ದುಡ್ಡು ಕೊಡಿ.

ಲೆಕ್ಕ ಮಾಡೋಣ

ಹೊಂಡದಲ್ಲಿ 300 ಮೀನು ಇವೆ. ಒಂದು ಮೀನಿನ ತೂಕ 300 ಗ್ರಾಂ. ಒಟ್ಟು ತೂಕ ಎಷ್ಟು?
300 × 300 = 90,000 ಗ್ರಾಂ. ಅಂದರೆ 90 ಕೆ.ಜಿ.
100 ಕೆ.ಜಿ. ಮೀನಿಗೆ 2 ಕೆ.ಜಿ. ಮೇವು. 90 ಕೆ.ಜಿ.ಗೆ ಎಷ್ಟು?
90 × 2 ÷ 100 = 1.8. ಅಂದರೆ 1 ಕೆ.ಜಿ. 800 ಗ್ರಾಂ.
ಬೆಳಗ್ಗೆ 900 ಗ್ರಾಂ, ಸಂಜೆ 900 ಗ್ರಾಂ ಹಾಕಬೇಕು.

ಈಗ ನೀವು ಮಾಡಿ: 200 ಮೀನು. ಒಂದರ ತೂಕ 400 ಗ್ರಾಂ. ದಿನಕ್ಕೆ ಎಷ್ಟು ಮೇವು ಬೇಕು?

ಉತ್ತರ ಬರೆಯಿರಿ

1. ಎರಡು ಹೊಂಡಗಳಲ್ಲಿ ಯಾವುದು ಒಂದೇ ಆಗಿತ್ತು? ಯಾವುದು ಬೇರೆ ಆಗಿತ್ತು?
2. ಬೆಳಗಿನ ಜಾವ ಮೀನು ಮೇಲೆ ಬಂದು ಬಾಯಿ ಬಡಿದರೆ ಏನೆಂದು ತಿಳಿಯಬೇಕು?
3. ಬೂಷ್ಟು ಹಿಂಡಿಯನ್ನು ಹಸುವಿಗೆ ಏಕೆ ಹಾಕಬಾರದು?
4. ಬಲೆ ಹಾಕುವ ಹಿಂದಿನ ದಿನ ಮೇವು ಏಕೆ ನಿಲ್ಲಿಸಬೇಕು?

ಮಾಡಿ ನೋಡಿ

ನಿಮ್ಮ ಮನೆಯಲ್ಲಿರುವ ಒಂದು ಚೀಲ ಅಥವಾ ಪೊಟ್ಟಣ ತನ್ನಿ. ಹಿಂಡಿ, ಗೊಬ್ಬರ, ಬಿಸ್ಕತ್ತು, ಮಾತ್ರೆ, ಯಾವುದಾದರೂ ಆಗಬಹುದು. ತಯಾರಾದ ತಿಂಗಳು, ಮುಗಿಯುವ ತಿಂಗಳು ಹುಡುಕಿ. ಎರಡನ್ನೂ ನಿಮ್ಮ ಪುಸ್ತಕದಲ್ಲಿ ಬರೆಯಿರಿ. ಪಕ್ಕದವರಿಗೆ ತೋರಿಸಿ.